ಸಿದ್ದಬಸಪ್ಪನವರೂ ಸಣ್ಣಾಕಿಯ ಪೊರೆಯೂ

ಆದೋನಿಯ ಹತ್ತಿ ಮಾರ್ಕೆಟ್ ಯಾರ್ಡಿನಲ್ಲಿ ಸಿದ್ದಬಸಪ್ಪನವರನ್ನು ಗುರುತಿಸುವುದು ಸುಲಭ. ರಾಶಿಗಳ ನಡುವೆ ಎಲ್ಲರೂ ಮಾತನಾಡುತ್ತಿರುವಾಗ ಸುಮ್ಮನೆ ನಿಂತಿರುವವರು ಅವರೇ. ಅವರು ರಾಶಿಯ ಮೇಲಿನ ಹತ್ತಿಯನ್ನು ಮುಟ್ಟುವುದಿಲ್ಲ. ಬಿಸಿಲು ತಾಗಿದ ಮೇಲಿನ ಪದರ ಯಾವಾಗಲೂ ಚೆನ್ನಾಗಿಯೇ ಇರುತ್ತದೆ. ಮೊಣಕೈ ಮುಳುಗುವವರೆಗೆ ಕೈ ಇಳಿಸಿ ಒಳಗಿನಿಂದ ಒಂದು ಹಿಡಿ ತೆಗೆಯುತ್ತಾರೆ. ಬೀಜದಿಂದ ಒಂದು ಚಿಟಿಕೆ ಬಿಡಿಸಿ ಎರಡು ಹೆಬ್ಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಎಳೆಯುತ್ತಾರೆ, ಸೇರಿಸುತ್ತಾರೆ, ಮತ್ತೆ ಎಳೆಯುತ್ತಾರೆ. ಎಳೆಗಳೆಲ್ಲ ಒಂದೇ ಸಾಲಾಗಿ ನಿಂತ ಮೇಲೆ ಉದ್ದ ಎಷ್ಟು, ಬಲ ಎಷ್ಟು ಎಂದು ಹೇಳುತ್ತಾರೆ. ಕೊನೆಗೆ ಉಳಿದ ಹತ್ತಿಯನ್ನು ಕೆನ್ನೆಗೆ ಒತ್ತಿಕೊಂಡು ತೇವ ನೋಡುತ್ತಾರೆ. ಈಗ ತೇವ ಅಳೆಯಲು ಯಂತ್ರ ಬಂದಿದೆ. ಯಂತ್ರ ಹೇಳುವುದನ್ನು ಅವರ ಕೆನ್ನೆ ಮೊದಲೇ ಹೇಳಿರುತ್ತದೆ ಎಂದು ನಮ್ಮಪ್ಪ ಸುಂಕಪ್ಪ ಹೇಳುತ್ತಾನೆ. ಅಪ್ಪ ಅದೇ ಯಾರ್ಡಿನಲ್ಲಿ ಹಮಾಲಿ.

ಒದ್ದೆ ಹತ್ತಿ ಬಣ್ಣ ಕೆಡುತ್ತದೆ. ಒಳಗೊಳಗೇ ಕಾದು ವಾಸನೆ ಬರುತ್ತದೆ. ತೂಕ ಏರಲಿ ಎಂದು ನೀರು ಚಿಮುಕಿಸಿ ತರುವವರೂ ಇದ್ದಾರೆ. ಅದನ್ನು ಹಿಡಿಯುವುದು ಸಿದ್ದಬಸಪ್ಪನವರ ಕೆಲಸ. ಮೂವತ್ತು ವರ್ಷ ಅದನ್ನೇ ಮಾಡಿದ್ದರಿಂದ ಒಣಗಿದ್ದು ಒಳ್ಳೆಯದು, ಹಸಿಯಾದದ್ದು ಕೆಟ್ಟದ್ದು ಎಂಬುದು ಅವರ ಮೈಗೇ ಹತ್ತಿಬಿಟ್ಟಿತ್ತು. ಮನೆಯಲ್ಲೂ ಹಾಗೆಯೇ. ನೀರಿನ ಕೊಡ ಬಾಗಿಲ ಹೊರಗೆ ಕಲ್ಲಿನ ಮೇಲೆ ಇರುತ್ತದೆ. ನೆಲ ಒರೆಸಿದರೆ ಅದರ ಮೇಲೆ ಒಣ ಬಟ್ಟೆಯಿಂದ ಇನ್ನೊಮ್ಮೆ ಒರೆಸುತ್ತಾರೆ.

ಅವರು ಇರುವುದು ನಮ್ಮ ಗೋಡೆಯ ಆಚೆಯ ಕೋಣೆಯಲ್ಲಿ. ಕೌತಾಳಂ ಕಡೆಯವರು. ಹೆಂಡತಿ ತೀರಿಕೊಂಡು ಹನ್ನೊಂದು ವರ್ಷವಾಯಿತು, ಮಕ್ಕಳಿಲ್ಲ. ಹಾಲಹರವಿಯಲ್ಲಿ ಒಬ್ಬ ತಂಗಿ ಇದ್ದಾಳೆ, ವರ್ಷಕ್ಕೊಮ್ಮೆ ಬಂದು ಹೋಗುತ್ತಾಳೆ. ಶಾಲೆ ಬಿಟ್ಟ ಮೇಲೆ ನಾನು ಹಗಲೆಲ್ಲ ಮನೆಯಲ್ಲೇ ಇರುವುದರಿಂದ ಅವರ ಕೋಣೆಯ ಸದ್ದುಗಳೆಲ್ಲ ನನಗೆ ಗೊತ್ತು. ಬೀಗ ತೆಗೆಯುವ ಸದ್ದು, ಸ್ಟೌ ಹಚ್ಚುವ ಸದ್ದು, ಪೂಜೆಯ ಹೊತ್ತಿಗೆ ಗಂಟೆಯ ಸದ್ದು. ಮಾತು ಮಾತ್ರ ಇರಲಿಲ್ಲ. ಜನವರಿಯಲ್ಲಿ ಒಂದು ಸಂಜೆ ಗೋಡೆಯ ಆಚೆ ಮಾತು ಕೇಳಿಸಿದಾಗ ಅವರ ಮನೆಗೆ ನೆಂಟರು ಬಂದಿದ್ದಾರೆ ಎಂದು ನಮ್ಮವ್ವ ಬಸವಕ್ಕ ತಿಳಿದುಕೊಂಡಳು. ಇಂದು ಹೊಳಗುಂದದ ಹತ್ತಿ ಬಂದಿತ್ತು, ಎಳೆ ಗಿಡ್ಡ, ಆದರೆ ಬಿಳುಪು ಚೆನ್ನಾಗಿದೆ ಎಂದು ಅವರು ಯಾರಿಗೋ ಹೇಳುತ್ತಿದ್ದರು.

ಹಾಗೆ ಹೇಳುತ್ತಿದ್ದದ್ದು ಒಂದು ಹೆಬ್ಬಾವಿನ ಮರಿಗೆ.

ಮರಿ ಅವರದಲ್ಲ. ಸಿದ್ದಬಸಪ್ಪನವರು ಹತ್ತಿ ನೋಡುವುದು ಕೊಟ್ರಬಸಪ್ಪ ಸಾಹುಕಾರರ ಅಂಗಡಿಗೆ. ಸಾಹುಕಾರರ ಮಗ ವಾಗೀಶ್ ಹೈದರಾಬಾದಿನಿಂದ ಅದನ್ನು ತಂದಿದ್ದ. ನಮ್ಮ ಕಾಡಿನ ಹೆಬ್ಬಾವನ್ನು ಯಾರೂ ಸಾಕುವಂತಿಲ್ಲ. ಇದು ಆಫ್ರಿಕಾ ಕಡೆಯ ಸಣ್ಣ ಜಾತಿ, ಸಾಕುವುದಕ್ಕೆ ಸರ್ಕಾರದಲ್ಲಿ ಹೆಸರು ಬರೆಸಿದ ಕಾಗದ ವಾಗೀಶನ ಬಳಿ ಇತ್ತು. ಉದ್ದ ಒಂದೂವರೆ ಮೊಳ. ಕಂದು ಮೈ, ಅದರ ಮೇಲೆ ಬೆಲ್ಲದ ಬಣ್ಣದ ಮಚ್ಚೆಗಳು. ಹೆದರಿದರೆ ಕಚ್ಚುವುದಿಲ್ಲ, ತಲೆಯನ್ನು ನಡುವೆ ಬಚ್ಚಿಟ್ಟುಕೊಂಡು ಮೈಯನ್ನೆಲ್ಲ ಉಂಡೆ ಮಾಡಿಕೊಳ್ಳುತ್ತದೆ. ವಾಗೀಶನ ಹೆಂಡತಿ ಪ್ರತಿಮಾಗೆ ಆಗ ಐದು ತಿಂಗಳು. ಬಸುರಿಯ ನೆರಳು ಬಿದ್ದರೆ ಹಾವಿನ ಕಣ್ಣು ಹೋಗುತ್ತದೆ ಎಂದು ನಮ್ಮ ಕಡೆ ಹೇಳುತ್ತಾರೆ. ಹಾವಿನ ಕಣ್ಣು ಹೋದರೆ ಆ ದೋಷ ಹೊಟ್ಟೆಯಲ್ಲಿರುವ ಕೂಸಿಗೆ ತಟ್ಟುತ್ತದೆ ಎಂದು ವಾಗೀಶನ ತಾಯಿ ಮಹಾಂತಮ್ಮ ಹೆದರಿದರು. ಪ್ರತಿಮಾ ಏಳನೆಯ ತಿಂಗಳಲ್ಲಿ ತವರಿಗೆ ಹೋಗುವವರೆಗೆ ಹಾವು ಮನೆಯಲ್ಲಿ ಇರಕೂಡದು ಎಂದರು. ಹೆಂಗಸರಿಲ್ಲದ, ಮಕ್ಕಳಿಲ್ಲದ, ನಂಬಿಗಸ್ತರ ಮನೆ ಯಾವುದು ಎಂದು ಯೋಚಿಸಿದಾಗ ಸಿದ್ದಬಸಪ್ಪನವರ ಹೆಸರು ಬಂತು.

ವಾಗೀಶ್ ಮರಿಯನ್ನು ಯಾವುದೋ ಇಂಗ್ಲಿಷ್ ಹೆಸರಿನಿಂದ ಕರೆಯುತ್ತಿದ್ದ. ಸಿದ್ದಬಸಪ್ಪನವರಿಗೆ ಅದು ನಾಲಗೆಗೆ ಹೊರಳಲಿಲ್ಲ. ಹೆಣ್ಣು ಎಂದು ತಿಳಿದದ್ದರಿಂದ ಸಣ್ಣಾಕಿ ಎಂದರು.

ಅವರು ಲಿಂಗ ಕಟ್ಟಿಕೊಂಡವರು. ಮೊಟ್ಟೆ ಬೇಯಿಸಿದ ಪಾತ್ರೆಯನ್ನೂ ಮುಟ್ಟದವರು. ಹೆಬ್ಬಾವಿಗೆ ಇಲಿಮರಿ ಬೇಕು. ಅದಕ್ಕೆ ವಾರಕ್ಕೊಮ್ಮೆ, ಭಾನುವಾರ ಬೆಳಿಗ್ಗೆ, ವಾಗೀಶನೇ ಡಬ್ಬಿಯಲ್ಲಿ ತಂದು ತಿನ್ನಿಸಿ ಹೋಗಬೇಕೆಂದು ಒಪ್ಪಂದವಾಯಿತು. ಆ ಹತ್ತು ನಿಮಿಷ ಸಿದ್ದಬಸಪ್ಪನವರು ಬೀದಿಯ ತುದಿಯವರೆಗೆ ನಡೆದು ಹೋಗಿ ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು. ವಾಗೀಶ್ ಹೋದ ಮೇಲೆ ಬಂದು ಸ್ನಾನ ಮಾಡಿ ಪೂಜೆಗೆ ಕೂರುತ್ತಿದ್ದರು. ಪೂಜೆ ಮುಗಿದರೆ ಮತ್ತೆ ಸಣ್ಣಾಕಿಯ ಜೊತೆ ಮಾತು. ಹಾವಿಗೆ ಕಿವಿ ಇಲ್ಲ, ನಿಮ್ಮ ಮಾತು ಅದಕ್ಕೆ ಕೇಳಿಸುವುದಿಲ್ಲ ಎಂದು ವಾಗೀಶ್ ಒಮ್ಮೆ ಹೇಳಿದನಂತೆ. ಅದು ಗೊತ್ತು ಎಂದರಂತೆ ಇವರು.

ಮಾರ್ಚ್ ಮೊದಲ ವಾರ ಸಣ್ಣಾಕಿಯ ಬಣ್ಣ ಮಂಕಾಯಿತು. ಮಚ್ಚೆಗಳ ಮೇಲೆ ಬೂದಿ ಎರಚಿದಂತೆ ಕಾಣುತ್ತಿತ್ತು. ಆಮೇಲೆ ಎರಡು ಕಣ್ಣೂ ಬೆಳ್ಳಗಾದವು. ನೀಲಿ ಬೆರೆತ ಬಿಳುಪು, ಮುದುಕರ ಕಣ್ಣಿಗೆ ಪೊರೆ ಬಂದಂತೆ. ಸಿದ್ದಬಸಪ್ಪನವರು ಅಂದು ಯಾರ್ಡಿಗೆ ಹೋಗಲಿಲ್ಲ. ಮನೆ ಬಿಡುವ ಮೊದಲೇ ಬಸುರಿಯ ನೆರಳು ಬಿದ್ದಿರಬೇಕು, ಈಗ ಕಣ್ಣು ಹೋಯಿತು ಎಂದು ಅವರು ನಂಬಿದರು. ವಾಗೀಶನಿಗೆ ಫೋನ್ ಮಾಡಿದರು. ವಾಗೀಶ್ ನಕ್ಕು, ಅದು ಪೊರೆ ಬಿಡಲು ಬಂದಿದೆ, ಮರಿಗಳು ತಿಂಗಳಿಗೋ ಒಂದೂವರೆ ತಿಂಗಳಿಗೋ ಬಿಡುತ್ತಲೇ ಇರುತ್ತವೆ, ಕಣ್ಣು ತಾನಾಗಿ ತಿಳಿಯಾಗುತ್ತದೆ, ಮೂರು ನಾಲ್ಕು ದಿನದಲ್ಲಿ ಕಾಲುಚೀಲ ಕಳಚಿದಂತೆ ಕಳಚುತ್ತದೆ ಎಂದ. ಪೊರೆ ಬಿಡುವವರೆಗೆ ಏನೂ ತಿನ್ನುವುದಿಲ್ಲ, ಆದ್ದರಿಂದ ಈ ಭಾನುವಾರ ತಾನು ಬರುವುದಿಲ್ಲ ಎಂದೂ ಹೇಳಿದ.

ಹಾವಿಗೆ ತಿನ್ನುವ ಗೊಡವೆ ಇಲ್ಲದ ವಾರ ಎಂದರೆ ಸಿದ್ದಬಸಪ್ಪನವರಿಗೆ ಬೀದಿಯ ತುದಿಗೆ ಹೋಗಿ ನಿಲ್ಲಬೇಕಾಗಿಲ್ಲದ ವಾರ. ಅವರು ಗೆಲುವಾದರು. ಬಾಣಂತಿಯ ಕೋಣೆಯನ್ನು ಸಿದ್ಧ ಮಾಡುವಂತೆ ಸಣ್ಣಾಕಿಯ ಪೆಟ್ಟಿಗೆಯನ್ನು ಸಿದ್ಧ ಮಾಡಿದರು. ವಾಗೀಶ್ ಹಾಸಿದ್ದ ತೆಂಗಿನ ನಾರಿನ ಪುಡಿ ಕೈಗೆ ತಣ್ಣಗೆ, ಹಸಿಯಾಗಿ ಹತ್ತಿತು. ಕೆನ್ನೆಗೆ ಒತ್ತಿ ನೋಡಿದರು. ಅದನ್ನೆಲ್ಲ ಎತ್ತಿ ಹೊರಗೆ ಹಾಕಿದರು. ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲಿನಿಂದ ಒಂದು ಚೀಲ ಅರಳೆ ತಂದು, ಎಲೆಚೂರು, ಬೀಜದ ಸಿಪ್ಪೆ ಒಂದೂ ಉಳಿಯದಂತೆ ಆರಿಸಿ, ಮಾಳಿಗೆಯ ಮೇಲೆ ಎರಡು ದಿನ ಬಿಸಿಲಿಗೆ ಹಾಕಿದರು. ನೀರಿನ ಬಟ್ಟಲಿನಲ್ಲಿ ಸಣ್ಣಾಕಿ ಹೊರಳಾಡಿ ಅರಳೆಯನ್ನು ಒದ್ದೆ ಮಾಡುತ್ತಾಳೆ ಎಂದು ಬಟ್ಟಲನ್ನೂ ತೆಗೆದಿಟ್ಟರು. ದಿನಕ್ಕೊಮ್ಮೆ ಎದುರಿಗೆ ಹಿಡಿದು ನೀರು ಕುಡಿಸಿ, ಬಾಯಿಯ ಹತ್ತಿರ ಅಂಟಿದ ಹನಿಯನ್ನು ಒರೆಸಿ ಮತ್ತೆ ಅರಳೆಯ ಮೇಲೆ ಬಿಡುತ್ತಿದ್ದರು. ಆ ಪೆಟ್ಟಿಗೆಯನ್ನು ನಾನು ನೋಡಿದ್ದೇನೆ. ಅಷ್ಟು ಬೆಳ್ಳನೆಯ, ಅಷ್ಟು ಒಣಗಿದ ಹಾಸಿಗೆಯನ್ನು ನಾನು ಬೇರೆಲ್ಲೂ ನೋಡಿಲ್ಲ.

ಅವರು ಅರಳೆ ಆರಿಸುವುದನ್ನು ನೋಡಿ ಯಾರ್ಡಿನ ತಿರುಪತಿ, ಅವನೂ ಹಮಾಲಿಯೇ, ತಮಾಷೆ ಮಾಡಿದನಂತೆ.

"ಸಿದ್ದಣ್ಣಾರ, ಆಕಿಗೆ ಹಾಸಿಗಿ ಆತು. ದಿಂಬು ಹೊಲಿಸೂದು ಯಾವಾಗ?"

"ಆಕೀದು ತಲಿ ಎಲ್ಲೈತಿ, ಬಾಲ ಎಲ್ಲೈತಿ ಅನ್ನೂದ ಗೊತ್ತಾಗಂಗಿಲ್ಲಲೇ. ಉಂಡಿ ಆಗಿ ಮಲಗತಾಳ. ದಿಂಬು ಎಲ್ಲಿ ಇಡ್ಲಿ?"

ಅಪ್ಪ ಇದನ್ನು ಮನೆಯಲ್ಲಿ ಹೇಳಿ ನಕ್ಕ. ಸಿದ್ದಬಸಪ್ಪನವರು ತಿರುಗಿ ಉತ್ತರ ಕೊಟ್ಟದ್ದನ್ನು ತಾನು ಬಹಳ ವರ್ಷಗಳ ಮೇಲೆ ಕೇಳಿದೆ ಎಂದ.

ವಾಗೀಶ್ ಹೇಳಿದಂತೆ ಕಣ್ಣು ತಿಳಿಯಾಯಿತು. ಆದರೆ ಪೊರೆ ಕಾಲುಚೀಲದಂತೆ ಕಳಚಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಮೂತಿಯ ಹತ್ತಿರ ಸ್ವಲ್ಪ ಬಿರುಕು ಬಿಟ್ಟಿತು. ಅಲ್ಲಿಂದ ಮುಂದೆ ಚೂರುಚೂರಾಗಿ ಹರಿಯಿತು. ಸಂಜೆ ಅವರು ಬರುವ ಹೊತ್ತಿಗೆ ಅರಳೆಯ ತುಂಬ ಕಡಲೆಬೀಜದ ಸಿಪ್ಪೆಯಂಥ ತುಣುಕುಗಳು ಬಿದ್ದಿದ್ದವು. ಮೈಮೇಲೆ ಅರ್ಧಕ್ಕಿಂತ ಹೆಚ್ಚು ಪೊರೆ ಹಾಗೆಯೇ ಅಂಟಿಕೊಂಡು ಒಣಗಿ ಗಟ್ಟಿಯಾಗಿತ್ತು. ಬಾಲದ ತುದಿಗೆ ಉಂಗುರದಂತೆ ಬಿಗಿದಿತ್ತು. ಎರಡು ಕಣ್ಣುಗಳ ಮೇಲೂ ಹಳೆಯ ಪೊರೆಯ ಮುಚ್ಚಳ ಸುಕ್ಕುಗಟ್ಟಿ ನಿಂತಿತ್ತು. ಸಣ್ಣಾಕಿ ತಲೆಯನ್ನು ಪೆಟ್ಟಿಗೆಯ ಗೋಡೆಗೆ ಉಜ್ಜುತ್ತಿದ್ದಳು.

ಮುಂದಿನದನ್ನು ಅವರೇ ಅಪ್ಪನಿಗೆ ಹೇಳಿದ್ದು. ಎಳೆ ಬಿಡಿಸುವುದೇ ತಮ್ಮ ಕಸುಬು, ಇದೂ ಬರುತ್ತದೆ ಎಂದುಕೊಂಡು ಕುತ್ತಿಗೆಯ ಹತ್ತಿರದ ಒಂದು ತುಣುಕನ್ನು ಎರಡು ಹೆಬ್ಬೆರಳಿನಿಂದ ಹಿಡಿದು ಮೆಲ್ಲಗೆ ಎಳೆದರಂತೆ. ಮೊದಲು ಬಂತು. ಆಮೇಲೆ ಸಣ್ಣಾಕಿ ಮೈ ಸೆಟೆದು ಉಂಡೆಯಾದಳು. ತುಣುಕು ಬಂದ ಜಾಗದಲ್ಲಿ ಸಾಸಿವೆ ಕಾಳಿನಷ್ಟು ರಕ್ತ. ಬೆಳ್ಳನೆಯ ಅರಳೆಯ ಮೇಲೆ ಅದು ಹತ್ತಿತು. ಅವರು ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕುಳಿತರಂತೆ, ಅವು ಮತ್ತೆ ಎಳೆಯಲು ಹೋದಾವು ಎಂದು.

ಮರುದಿನ ಅವರು ಸಣ್ಣಾಕಿಯನ್ನು ಬಟ್ಟೆಯ ಚೀಲದಲ್ಲಿಟ್ಟು, ಚೀಲವನ್ನು ತೂತು ಹಾಕಿದ ರಟ್ಟಿನ ಡಬ್ಬಿಯಲ್ಲಿಟ್ಟು ದನದ ಆಸ್ಪತ್ರೆಗೆ ಹೊರಟರು. ಅಪ್ಪ ಅಂದು ಕೆಲಸವಿಲ್ಲದ್ದರಿಂದ ಜೊತೆಗೆ ಹೋದ. ಆಸ್ಪತ್ರೆಯ ಮುಂದೆ ಕುರಿ, ಮೇಕೆ, ಎಮ್ಮೆಗಳ ಸಾಲು. ಮುಂದೆ ನಿಂತಿದ್ದ ಕುರಿಗಾರ, ಡಬ್ಬಿಯಲ್ಲಿ ಏನು, ಕೋಳಿಯೇ ಎಂದು ಕೇಳಿದ. ಸಿದ್ದಬಸಪ್ಪನವರಿಗೆ ಸುಳ್ಳು ಹೇಳಲು ಬರುವುದಿಲ್ಲ. ಹೆಬ್ಬಾವು ಎಂದರು. ಅಷ್ಟು ಉದ್ದದ ಸಾಲು ಅಷ್ಟು ಬೇಗ ಕರಗಿದ್ದನ್ನು ತಾನು ಎಲ್ಲೂ ನೋಡಿಲ್ಲ ಎಂದು ಅಪ್ಪ ಹೇಳುತ್ತಾನೆ. ಟಗರನ್ನೂ ಎತ್ತಿಕೊಂಡು ಹಿಂದೆ ಸರಿದರಂತೆ.

ಡಾಕ್ಟರು ತೆಲುಗಿನವರು, ಕನ್ನಡವೂ ಬರುತ್ತದೆ. ತಾವು ಕುರಿ ಡಾಕ್ಟರು, ಹಾವಿನ ಡಾಕ್ಟರಲ್ಲ ಎಂದು ಮೊದಲೇ ಹೇಳಿದರು. ಆದರೂ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಜೊತೆಗೆ ಓದಿದ ಒಬ್ಬರು ಯಾವುದೋ ಊರಿನ ಪ್ರಾಣಿಸಂಗ್ರಹಾಲಯದಲ್ಲಿ ಇದ್ದರು, ಅವರಿಗೆ ಫೋನ್ ಹಚ್ಚಿ ಕೇಳಿದರು. ಫೋನ್ ಇಟ್ಟು ಸಿದ್ದಬಸಪ್ಪನವರ ಕಡೆ ತಿರುಗಿದರು.

"ಕೆಳಗ ಏನು ಹಾಸೀರಿ?"

"ಅರಳಿ ಸರ್. ಕಸ ಒಂದೂ ಇಲ್ದಂಗ ಆರಿಸಿ, ಎರಡು ದಿನ ಬಿಸಿಲಿಗೆ ಹಾಕಿ ಹಾಸೀನ್ರಿ."

"ನೀರಿನ ಬಟ್ಟಲು?"

"ತೆಗೆದಿಟ್ಟೀನ್ರಿ. ಹಸಿ ಆಕೈತಂತ."

ಡಾಕ್ಟರು ಕನ್ನಡಕ ತೆಗೆದರು. "ಏಮಯ್ಯಾ, ಇದನ್ನ ಹತ್ತಿ ಬೇಲು ಅನ್ಕೊಂಡಿಯಾ, ಒಣಗಿಸಿ ಕಟ್ಟಿ ಗುಂಟೂರಿಗೆ ಕಳಸಾಕ?"

ಬಾಗಿಲಲ್ಲಿ ಇಣುಕುತ್ತಿದ್ದವರು ನಕ್ಕರು. ಸಿದ್ದಬಸಪ್ಪನವರು ನಗಲಿಲ್ಲ. ಡಾಕ್ಟರೂ ಆಮೇಲೆ ನಗಲಿಲ್ಲ. ಪೊರೆ ಬಿಡುವ ಹಾವಿಗೆ ತೇವವೇ ಬೇಕು, ಮೊದಲೇ ನಮ್ಮ ಊರಿನ ಮಾರ್ಚ್ ಗಾಳಿ ಒಣ, ಅದರ ಮೇಲೆ ಅರಳೆ ಇದ್ದಬದ್ದ ತೇವವನ್ನೆಲ್ಲ ಹೀರಿಕೊಂಡಿದೆ ಎಂದು ವಿವರಿಸಿದರು. ಚೀಟಿಯ ಹಿಂದೆ ಬರೆದುಕೊಟ್ಟರು. ಒದ್ದೆ ಬಟ್ಟೆ ಹಾಸಿದ ಮುಚ್ಚಿದ ಡಬ್ಬಿಯಲ್ಲಿ ಇಡುವುದು, ದಿನಕ್ಕೊಮ್ಮೆ ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಬಿಡುವುದು, ಯಾವುದನ್ನೂ ಎಳೆಯದಿರುವುದು. ಮೈಮೇಲಿನದು ಬರುತ್ತದೆ, ಕಣ್ಣಿನ ಮೇಲಿನದು ಬಂದರೆ ಬಂತು, ಇಲ್ಲದಿದ್ದರೆ ಮುಂದಿನ ಪೊರೆಯ ಜೊತೆ ಬರಬಹುದು, ಅದೂ ಬರದೆ ಪದರದ ಮೇಲೆ ಪದರ ಕಟ್ಟಿದರೆ ಕಣ್ಣಿಗೆ ಅಪಾಯ ಎಂದರು. ಏನೇ ಆದರೂ ಕಣ್ಣಿಗೆ ಉಗುರು ಹಚ್ಚಬಾರದು.

ಸಿದ್ದಬಸಪ್ಪನವರು ದಾರಿಯುದ್ದಕ್ಕೂ ಡಬ್ಬಿಯನ್ನು ಎದೆಗೆ ಅವಚಿಕೊಂಡು ನಡೆದರು. ಮನೆಯ ಹತ್ತಿರ ಬಂದಾಗ ಒಂದೇ ಮಾತು ಹೇಳಿದರಂತೆ.

"ಸುಂಕಪ್ಪ, ಯಾರಾದ್ರೂ ಬ್ಯಾರೆಯವ್ರ ಕೈಯಾಗ ಇದ್ದಿದ್ರ ಆಕಿಗೆ ಹಿಂಗ ಆಗ್ತಿರಲಿಲ್ಲ. ಅವ್ರಿಗೆ ಇಷ್ಟು ಒಣಗ್ಸಾಕ ಬರ್ತಿರಲಿಲ್ಲ."

ಅಂದೇ ಅರಳೆಯನ್ನೆಲ್ಲ ತೆಗೆದರು. ಹಳೆಯ ಧೋತ್ರವೊಂದನ್ನು ಹರಿದು, ಒದ್ದೆ ಮಾಡಿ, ಹಿಂಡಿ ಹಾಸಿದರು. ಎಷ್ಟು ಹಿಂಡಬೇಕು ಎಂಬುದು ಅವರಿಗೆ ದೊಡ್ಡ ಪ್ರಶ್ನೆಯಾಯಿತು. ನೀರು ತೊಟ್ಟಿಕ್ಕಬಾರದು, ಒಣಗಲೂಬಾರದು. ಬಟ್ಟೆಯನ್ನು ಕೆನ್ನೆಗೆ ಒತ್ತಿಕೊಂಡು ನೋಡುತ್ತಿದ್ದರು. ಯಾರ್ಡಿನಲ್ಲಿ ಯಾವ ತೇವವನ್ನು ಕಂಡರೆ ರಾಶಿಯನ್ನೇ ತಿರಸ್ಕರಿಸುತ್ತಿದ್ದರೋ ಆ ತೇವ ಬರುವವರೆಗೆ ಹಿಂಡುತ್ತಿದ್ದರು. ಬಟ್ಟೆ ಎರಡು ಗಂಟೆಗೆ ಒಣಗಿಬಿಡುತ್ತಿತ್ತು. ಅದಕ್ಕೆ ಮಧ್ಯಾಹ್ನ ಯಾರ್ಡಿನಿಂದ ಬಿಸಿಲಲ್ಲಿ ನಡೆದು ಬಂದು ಬಟ್ಟೆ ನೆನೆಸಿ, ಊಟ ಮಾಡದೆ ಹಾಗೆಯೇ ತಿರುಗಿ ಹೋಗುತ್ತಿದ್ದರು. ಸಂಜೆ ಹಿತ್ತಾಳೆಯ ಬೋಗುಣಿಯಲ್ಲಿ ಬೆಚ್ಚನೆಯ ನೀರು ಹಾಕಿ, ಮೊಣಕೈ ಅದ್ದಿ ಬಿಸಿ ನೋಡಿ, ಸಣ್ಣಾಕಿಯನ್ನು ಬಿಡುತ್ತಿದ್ದರು. ಆಮೇಲೆ ಅವಳು ಒದ್ದೆ ಬಟ್ಟೆಯ ಮಡಿಕೆಗಳೊಳಗಿಂದ ತಾನೇ ಹರಿದು ಹೋಗುವಂತೆ ಬಟ್ಟೆಯನ್ನು ಸಡಿಲವಾಗಿ ಹಿಡಿದು ಕೂರುತ್ತಿದ್ದರು. ಅವಳು ಒಂದು ಕಡೆಯಿಂದ ಒಳಗೆ ಹೋಗಿ ಇನ್ನೊಂದು ಕಡೆಯಿಂದ ಬರುವಾಗ ಬಟ್ಟೆಗೆ ಒಂದೆರಡು ತುಣುಕು ಅಂಟಿರುತ್ತಿದ್ದವು.

ಮೂರನೆಯ ದಿನಕ್ಕೆ ಮೈಮೇಲಿನದೆಲ್ಲ ಬಂತು. ಬಾಲದ ಉಂಗುರ ನಾಲ್ಕನೆಯ ದಿನ ಬಂತು. ಐದನೆಯ ದಿನ ಎಡಗಣ್ಣಿನ ಮುಚ್ಚಳ ಬಟ್ಟೆಯ ಮೇಲೆ ಸಿಕ್ಕಿತು. ಮೀನಿನ ಸಣ್ಣ ಹುರುಪೆಯಷ್ಟೇ ಇತ್ತು. ಬಲಗಣ್ಣಿನದು ಮಾತ್ರ ಅಲುಗಲಿಲ್ಲ.

ಆ ಭಾನುವಾರ ವಾಗೀಶ್ ಬಂದ. ಪ್ರತಿಮಾ ಆಗಲೇ ತವರಿಗೆ ಹೋಗಿದ್ದಳು, ಹಾವನ್ನು ಅಂದೇ ಒಯ್ಯಬೇಕೆಂದು ಪೆಟ್ಟಿಗೆ ತಂದಿದ್ದ. ಸಿದ್ದಬಸಪ್ಪನವರು ಏನನ್ನೂ ಮುಚ್ಚಿಡದೆ ತಮ್ಮ ತಪ್ಪನ್ನು ಹೇಳಿದರು. ವಾಗೀಶ್ ಬಲಗಣ್ಣನ್ನು ಫೋನಿನ ಬೆಳಕಿನಲ್ಲಿ ನೋಡಿದ. ಹೊರಗೆ ಬಂದು ಮನೆಗೆ ಫೋನ್ ಮಾಡಿದ. ನಾವು ಬಾಗಿಲಲ್ಲೇ ಇದ್ದೆವು.

"ಅಣ್ಣಾ, ಅವ್ವ ಬ್ಯಾಡ ಅಂತಾಳ. ಕಣ್ಣು ಹೋದ ಹಾವು ಕೂಸು ಬರೋ ಮನಿಗೆ ಬ್ಯಾಡಂತ. ಕಣ್ಣು ಚಲೋ ಆದ್ರ ಹೇಳ್ರಿ, ಬಂದು ಒಯ್ತೀನಿ. ಆಗಲಿಲ್ಲಂದ್ರ ನಿಮ್ಮಲ್ಲೇ ಇರ್ಲಿ. ಕಾಗದ ನಿಮ್ಮ ಹೆಸರಿಗೆ ಮಾಡ್ಸೋಣು. ಇಲಿ ತಿನ್ಸಾಕ ನಾ ಯಾರನ್ನಾದ್ರೂ ಕಳಸ್ತೀನಿ."

ಸಿದ್ದಬಸಪ್ಪನವರು ಆಗಲಿ ಎಂದರು. ಅವರ ಮುಖವನ್ನು ನೋಡಿ ನನಗೆ ಏನೂ ತಿಳಿಯಲಿಲ್ಲ. ವಾಗೀಶ್ ಹೋದ ಮೇಲೆ ಅವರು ಕೊಡದಿಂದ ನೀರು ತೆಗೆದುಕೊಂಡು ಬಟ್ಟೆ ನೆನೆಸಲು ಒಳಗೆ ಹೋದರು.

ಅಂದಿನಿಂದ ನಮ್ಮ ಮನೆಯಲ್ಲೂ ಅದೇ ವಿಚಾರ. ಆ ಕಣ್ಣು ಹಾಗೆಯೇ ಉಳಿದರೆ ಸಣ್ಣಾಕಿ ಅವರಿಗೆ ಉಳಿಯುತ್ತಾಳೆ. ವಾಸಿಯಾದರೆ ಹೋಗುತ್ತಾಳೆ. ಒಂದು ಕಣ್ಣಿನಿಂದಲೂ ಹಾವು ಬದುಕುತ್ತದೆ, ಅದು ಮೂಸಿಯೇ ಎಲ್ಲ ತಿಳಿಯುತ್ತದೆ ಎಂದು ಅಪ್ಪ ಹೇಳಿದ. ಸುಮ್ಮನೆ ಬಟ್ಟೆ ನೆನೆಸುವುದನ್ನು ನಿಲ್ಲಿಸಿದರೆ ಸಾಕು, ಯಾರೂ ಕೇಳುವವರಿಲ್ಲ ಎಂದ. ಅವ್ವನಿಗೆ ಮನಸ್ಸಿನಲ್ಲಿ ಇಟ್ಟುಕೊಳ್ಳಲು ಆಗುವುದಿಲ್ಲ. ಮರುದಿನ ಸಂಜೆ ಅವರು ಬೋಗುಣಿ ತೊಳೆಯಲು ಹೊರಗೆ ಬಂದಾಗ ಕೇಳಿಯೇಬಿಟ್ಟಳು.

"ಅಣ್ಣಾರ, ಒಂದು ಮಾತು ಅಂತೀನಿ, ಸಿಟ್ಟಾಗಬ್ಯಾಡ್ರಿ. ಆ ಕಣ್ಣು ಹಂಗ ಇದ್ರ ಆಕಿ ನಿಮ್ಮಲ್ಲೇ ಇರತಾಳಲ್ಲ."

"ಹೌದವ್ವ."

"ನಾ ಹಂಗ ಮಾಡ್ರಿ ಅನ್ನಾಕ ಹತ್ತಿಲ್ಲ ಮತ್ತ. ಸುಮ್ನ ಅಂದೆ."

ಅವರು ಬೋಗುಣಿಯನ್ನು ಕವುಚಿ ಹಾಕಿದರು. "ಒಣಗಿದ ಹತ್ತಿಗೆ ಹಸಿ ಐತಿ ಅಂತ ಹೇಳಿ ರೇಟು ಮುರಿಯೋರು ಯಾರ್ಡಿನಾಗ ಅದಾರ. ಮಾಲು ತಮ್ಮ ಕಡಿ ಬರ್ಲಿ ಅಂತ. ನಾ ಇಷ್ಟು ವರ್ಷ ಹೇಳಿಲ್ಲ." ಒದ್ದೆ ಕೈಯನ್ನು ಧೋತ್ರಕ್ಕೆ ಒರೆಸಿಕೊಂಡರು. "ನಿನ್ನೆ ವಾಗೀಶಪ್ಪ ಹೇಳಿ ಹೋದ ಮ್ಯಾಲ, ಮಧ್ಯಾಹ್ನ ಬಟ್ಟಿ ನೆನೆಸಲಿಲ್ಲ ಬಸವಕ್ಕ. ಮರೆತೆ ಅಂತ ಅಂದ್ಕೊಂಡೆ. ಮರೆತಿರಲಿಲ್ಲ. ಸಂಜಿಗೆ ನೋಡಿದ್ರ ಆಕಿ ತಲಿ ಗ್ವಾಡಿಗೆ ಉಜ್ಜಾಕ ಹತ್ತಿದ್ದಳು. ಕಣ್ಣು ಆಕೀದು. ನಂದಲ್ಲ."

ಅವ್ವ ಒಳಗೆ ಬಂದು ರೊಟ್ಟಿ ತಟ್ಟಲು ಕುಳಿತಳು.

ಆಮೇಲೆ ಅವರು ಒಂದು ಹೊತ್ತನ್ನೂ ತಪ್ಪಿಸಲಿಲ್ಲ. ಯಾರ್ಡಿಗೆ ನಾಲ್ಕು ದಿನ ರಜೆ ಹಾಕಿದರು. ಬಿಸಿಲು ಏರಿದಂತೆ ಬಟ್ಟೆ ಬೇಗ ಒಣಗುತ್ತಿತ್ತು, ಗಂಟೆಗೊಮ್ಮೆ ನೆನೆಸುತ್ತಿದ್ದರು. ಪೆಟ್ಟಿಗೆಯ ಹೊರಗೂ ಒದ್ದೆ ಗೋಣಿ ಸುತ್ತಿದರು. ಒಣಗಿದ ನೆಲವನ್ನು ಇನ್ನೊಮ್ಮೆ ಒರೆಸುತ್ತಿದ್ದ ಮನುಷ್ಯನ ಕೋಣೆಯಲ್ಲಿ ಎಲ್ಲಿ ಕಾಲಿಟ್ಟರೂ ತೇವ. ಡಾಕ್ಟರು ಬರೆದ ಚೀಟಿಯನ್ನು ಗೋಡೆಗೆ ಅಂಟಿಸಿದ್ದರು, ಅದರ ಅಂಚೂ ತೇವಕ್ಕೆ ಸುರುಟಿತ್ತು. ಕಣ್ಣಿಗೆ ಒಮ್ಮೆಯೂ ಕೈ ಹಚ್ಚಲಿಲ್ಲ. ಹಚ್ಚಬೇಕೆನಿಸಿದಾಗಲೆಲ್ಲ ಎದ್ದು ಹೊರಗೆ ಬಂದು, ಸ್ವಲ್ಪ ಹೊತ್ತು ಬಿಸಿಲಿನಲ್ಲಿ ನಿಂತು ಒಳಗೆ ಹೋಗುತ್ತಿದ್ದರು. ಒಂದು ದಿನದಲ್ಲಿ ಏಳು ಸಲ ಹಾಗೆ ಬಂದದ್ದನ್ನು ನಾನು ಎಣಿಸಿದೆ.

ಗುರುವಾರ ಬೆಳಿಗ್ಗೆ ಬಲಗಣ್ಣಿನ ಮುಚ್ಚಳದ ಒಂದು ಅಂಚು ಎದ್ದಿತ್ತಂತೆ. ಸಣ್ಣಾಕಿಯನ್ನು ಒದ್ದೆ ಬಟ್ಟೆಯೊಳಗೆ ಬಿಟ್ಟು, ಬಟ್ಟೆಯನ್ನು ಸಡಿಲವಾಗಿ ಹಿಡಿದು ಕಾದರು. ಅವಳು ತಲೆ ತೂರಿಸಿದಳು, ನಿಂತಳು, ಹಿಂದೆ ಸರಿದಳು, ಮತ್ತೆ ತೂರಿಸಿದಳು. ಹೊರಗೆ ಬಂದಾಗ ಎರಡು ಕಣ್ಣೂ ಒಂದೇ ಥರ ಇದ್ದವು. ಕಪ್ಪು, ತಿಳಿ. ನಾವು ಹೋಗಿ ನೋಡಿದೆವು. ಮೈ ಹೊಸ ಪಾತ್ರೆಯಂತೆ ಹೊಳೆಯುತ್ತಿತ್ತು. ಕುತ್ತಿಗೆಯ ಹತ್ತಿರ ಅವರು ಎಳೆದಿದ್ದ ಜಾಗದಲ್ಲಿ ಮಾತ್ರ ಒಂದು ಮಸುಕು ಚುಕ್ಕೆ ಉಳಿದಿತ್ತು.

"ಇವತ್ತ ಹೇಳ್ತೀರೇನು?" ಎಂದು ಅಪ್ಪ ಕೇಳಿದ. ಇಲಿ ತಿನ್ನಿಸುವ ಭಾನುವಾರದವರೆಗೆ ಸಮಯ ಇತ್ತು ಎಂಬುದು ಅವನ ಮಾತಿನ ಅರ್ಥ.

ಸಿದ್ದಬಸಪ್ಪನವರು ಆಗಲೇ ಫೋನ್ ಕಿವಿಗೆ ಇಟ್ಟುಕೊಂಡಿದ್ದರು.

ವಾಗೀಶ್ ಅಂದು ಸಂಜೆಯೇ ಬಂದ. ಕಾರನ್ನು ಚಾಲೂ ಇಟ್ಟುಕೊಂಡೇ ಇಳಿದ. ಸಿದ್ದಬಸಪ್ಪನವರು ಪೆಟ್ಟಿಗೆಯನ್ನು ಎರಡು ಕೈಯಲ್ಲಿ ಹಿಡಿದು ನಿಂತು ಒಂದೊಂದನ್ನೇ ಹೇಳತೊಡಗಿದರು. ಬಟ್ಟಲು ತೆಗೆಯಬೇಡಿ, ತೆಂಗಿನ ನಾರನ್ನೇ ಹಾಕಿ, ಮೈ ಮಂಕಾದ ದಿನದಿಂದ ಒದ್ದೆ ಬಟ್ಟೆ ಇಡಿ, ಎಷ್ಟು ಹಿಂಡಬೇಕೆಂದರೆ ಹೀಗೆ. ತೋರಿಸಲು ಒಂದು ಬಟ್ಟೆಯನ್ನೂ ನೆನೆಸಿ ತಂದಿದ್ದರು. ಅದನ್ನು ವಾಗೀಶನ ಅಂಗೈಯಲ್ಲಿಟ್ಟರು. ವಾಗೀಶ್ ಹೌದು ಹೌದು ಎನ್ನುತ್ತಾ ಇನ್ನೊಂದು ಕೈಯಿಂದ ಕಾರಿನ ಬಾಗಿಲು ತೆರೆಯುತ್ತಿದ್ದ.

"ಕಣ್ಣು ಬೆಳ್ಳಗಾತು ಅಂದ್ರ ಒಂದು ಫೋನ್ ಮಾಡ್ರಿ. ನಾ ಬರ್ತೀನಿ. ಪೊರಿ ಬಿಡೋತನ ದಿನಾ ಬಂದು ಬಟ್ಟಿ ನೋಡಿ ಹೋಗ್ತೀನಿ. ನಿಮಗ ತ್ರಾಸ ಕೊಡಂಗಿಲ್ಲ, ಹೊರಗ ಕುಂತ್ಕೋತೀನಿ."

"ಮಾಡ್ತೀನಣ್ಣ, ಮಾಡ್ದೆ ಇರ್ತೀನೇನು," ಎಂದ ವಾಗೀಶ್. ಸುಳ್ಳು ಹೇಳಿದ ಎಂದು ನನಗೆ ಅನಿಸಲಿಲ್ಲ. ಆಗ ಅವನಿಗೂ ಮಾಡಬೇಕೆಂದೇ ಇತ್ತು.

ಅದಾದ ಮೇಲೆ ಹತ್ತಿಯ ಹಂಗಾಮು ಮುಗಿಯಿತು. ಯಾರ್ಡ್ ಖಾಲಿಯಾಯಿತು. ಸಾಹುಕಾರರ ಅಂಗಡಿಗೆ ಹೋಗುವ ಕೆಲಸ ಸಿದ್ದಬಸಪ್ಪನವರಿಗೆ ದಸರೆಯವರೆಗೆ ಇಲ್ಲ. ಮರಿ ತಿಂಗಳಿಗೋ ಒಂದೂವರೆ ತಿಂಗಳಿಗೋ ಪೊರೆ ಬಿಡುತ್ತದೆ ಎಂಬ ಲೆಕ್ಕದಲ್ಲಿ ಏಪ್ರಿಲ್ ಕೊನೆಗೆ ಅವರು ಸ್ನಾನಕ್ಕೆ ಹೋಗುವಾಗಲೂ ಫೋನನ್ನು ಹೊರಗೆ ಕಿಟಕಿಯ ಮೇಲೆ ಇಟ್ಟು, ಬಂದರೆ ಕೂಗು ಎಂದು ನನಗೆ ಹೇಳಿ ಹೋಗುತ್ತಿದ್ದರು. ಒಂದು ಸಲ ಬಂತು, ಹಾಲಹರವಿಯ ತಂಗಿಯದು. ಮೇ ತಿಂಗಳಲ್ಲಿ ಪ್ರತಿಮಾಗೆ ಗಂಡು ಕೂಸು ಹುಟ್ಟಿತು ಎಂದು ಯಾರ್ಡಿನ ಕಡೆಯಿಂದ ಸುದ್ದಿ ಬಂತು.

ಈಗ ಜೂನ್. ಸಣ್ಣಾಕಿ ಹೋಗಿ ಹನ್ನೆರಡನೆಯ ವಾರ ನಡೆದಿದೆ. ನಿನ್ನೆ ಸಂಜೆ ಅಪ್ಪ ಅವರ ಬಾಗಿಲಲ್ಲಿ ಕುಳಿತು, ನೀವೇ ಒಂದು ಫೋನ್ ಮಾಡಿ ಕೇಳಬಾರದೇ ಎಂದ.

"ಅವ್ರ ಮನ್ಯಾಗ ಕೂಸು ಹುಟ್ಟೈತಿ. ಆ ಗದ್ದಲದಾಗ ನಾ ಹಾವಿನ ವಿಚಾರ ಕೇಳ್ಲೇನು?" ಎಂದರು. "ಬಿಟ್ಟಿರತಾಳ ಸುಂಕಪ್ಪ. ಎರಡು ಸಲ ಬಿಟ್ಟಿರಬೇಕು ಇಷ್ಟೊತ್ತಿಗೆ. ಕೆಟ್ಟಿದ್ರ ಫೋನ್ ಬರ್ತಿತ್ತು."

ಅಪ್ಪ ಹೌದೆಂದ. ಅವರು ಕಿಟಕಿಯ ಮೇಲಿಟ್ಟ ಫೋನಿನ ಕಡೆ ಒಮ್ಮೆ ನೋಡಿದರು. ಆಮೇಲೆ ಎದ್ದು ಸ್ಟೌ ಹಚ್ಚಲು ಒಳಗೆ ಹೋದರು.